ಮೊಬೈಲ್ ದೂರವಾಣಿಯ ವಿಕಿರಣವೂ ಪುರುಷರ ಸಂತಾನಶಕ್ತಿಯೂ

ಪ್ರಜನನಕ್ರಿಯೆಯನ್ನು ಪಾಠ ಹೇಳುವ ಅಧ್ಯಾಪಕರಿಗೆ ಈಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತಿದೆ. ವೃಷಣಗಳ ರಚನೆಯನ್ನೂ ವೀರ್ಯಾಣುಗಳ ಉತ್ಪತ್ತಿಯನ್ನೂ ವಿವರಿಸಿ ಮುಗಿಸಿದ ಮೇಲೆ ಯಾವನಾದರೂ ವಿದ್ಯಾರ್ಥಿ ಒಬ್ಬನೇ ಬಂದು, "ಪ್ಯಾಂಟಿನ ಜೇಬಿನಲ್ಲಿ ಮೊಬೈಲ್ ಇಟ್ಟುಕೊಂಡರೆ ಮುಂದೆ ಮಕ್ಕಳಾಗುವುದಿಲ್ಲವಂತೆ, ನಿಜವೆ?" ಎಂದು ಸಂಕೋಚದಿಂದ ಕೇಳುತ್ತಾನೆ. ನಕ್ಕು ತಳ್ಳಿಹಾಕುವ ಪ್ರಶ್ನೆ ಇದಲ್ಲ; ಈ ವಿಷಯವಾಗಿ ಪ್ರತಿಷ್ಠಿತ ಪತ್ರಿಕೆಗಳಲ್ಲಿ ಗಂಭೀರ ಸಂಶೋಧನೆಗಳು ಪ್ರಕಟವಾಗಿವೆ. ಹೌದೆಂದು ತಲೆದೂಗಿ ಕಳುಹಿಸುವಂತೆಯೂ ಇಲ್ಲ. ಆ ಸಂಶೋಧನೆಗಳು ಒಂದೇ ಮಾತನ್ನು ಹೇಳುವುದಿಲ್ಲ.

ಪ್ರಶ್ನೆಯ ಹಿಂದೆ ಇರುವ ಆತಂಕವೂ ಅಲ್ಪವಾದುದಲ್ಲ. ಮಕ್ಕಳಾಗದಿದ್ದರೆ ಮೊದಲು ಹೆಂಡತಿಯನ್ನು ವೈದ್ಯರಲ್ಲಿಗೆ ಕರೆದೊಯ್ಯುವುದು ನಮ್ಮ ಸಮಾಜದ ರೂಢಿ. ಗಂಡನ ಪರೀಕ್ಷೆಯನ್ನು ಮುಂದೂಡುತ್ತ ಹೋಗುವ ಕುಟುಂಬಗಳು ಇಂದಿಗೂ ಕಡಮೆಯಿಲ್ಲ. ವಾಸ್ತವವಾಗಿ ಇಂಥ ಸುಮಾರು ಅರ್ಧದಷ್ಟು ಸಂದರ್ಭಗಳಲ್ಲಿ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಹಾಗಿರುವಾಗ, ದೋಷವೆಲ್ಲ ಮೊಬೈಲಿನದೆಂದು ನಂಬಿ ಚಿಕಿತ್ಸೆಗೆ ಒಗ್ಗುವ ಕಾರಣಗಳನ್ನು ಕಡೆಗಣಿಸಿದರೆ ದಂಪತಿಗಳ ಅಮೂಲ್ಯವಾದ ವರ್ಷಗಳು ವ್ಯರ್ಥವಾಗುತ್ತವೆ. ನಿಜವಾದ ಅಪಾಯವಿದ್ದು ಅದನ್ನು ಮರೆಮಾಚಿದರೂ ನಷ್ಟ ಅಷ್ಟೇ. ಆದುದರಿಂದ ಈ ವಿಷಯದಲ್ಲಿ ಏನು ಗೊತ್ತಾಗಿದೆ, ಅದು ಎಂಥ ಸಾಕ್ಷ್ಯದಿಂದ ಗೊತ್ತಾಗಿದೆ, ಆ ಸಾಕ್ಷ್ಯ ಎಷ್ಟು ಭಾರವನ್ನು ಹೊರಬಲ್ಲದು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ಪರಿಶೀಲಿಸುತ್ತೇವೆ.

ಅಲೆಗಳ ಸ್ವರೂಪ

ವಿಕಿರಣವೆಂಬ ಮಾತು ಕಿವಿಗೆ ಬಿದ್ದೊಡನೆ ಕ್ಷಕಿರಣವೂ ಪರಮಾಣು ಬಾಂಬೂ ನೆನಪಾಗುವುದು ಸಹಜ. ಆದರೆ ಮೊಬೈಲು ಹೊರಸೂಸುವುದು ರೇಡಿಯೊ ಅಲೆಗಳನ್ನು. ಇವುಗಳ ಆವರ್ತಾಂಕ ಬಹುಮಟ್ಟಿಗೆ 700ರಿಂದ 3,700 ಮೆಗಾಹರ್ಟ್ಸ್‌ಗಳ ನಡುವೆ ಇರುತ್ತದೆ. ಬೆಳಕು, ಕ್ಷಕಿರಣ, ರೇಡಿಯೊ ಅಲೆ ಇವೆಲ್ಲವೂ ವಿದ್ಯುತ್ಕಾಂತ ತರಂಗಗಳೇ ಆದರೂ ಅವುಗಳ ಒಂದೊಂದು ಶಕ್ತಿಕಣದ ಬಲದಲ್ಲಿ ಅಜಗಜಾಂತರವಿದೆ. 2,000 ಮೆಗಾಹರ್ಟ್ಸ್ ಆವರ್ತಾಂಕದ ಒಂದು ಶಕ್ತಿಕಣದಲ್ಲಿ ಸುಮಾರು 0.000008 ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಇರುತ್ತದೆ. ಆನುವಂಶಿಕ ದ್ರವ್ಯವಾದ ಡಿ.ಎನ್.ಎ.ಯಲ್ಲಿ ಎರಡು ಇಂಗಾಲದ ಪರಮಾಣುಗಳನ್ನು ಹಿಡಿದಿರುವ ಬಂಧವನ್ನು ಮುರಿಯಲು ಮೂರೂವರೆ ಎಲೆಕ್ಟ್ರಾನ್ ವೋಲ್ಟುಗಳಷ್ಟಾದರೂ ಬೇಕು. ನಮ್ಮ ಶರೀರದ ಉಷ್ಣತೆಯಲ್ಲಿ ಅಣುಗಳು ತಮ್ಮಷ್ಟಕ್ಕೆ ತಾವೇ ಕಂಪಿಸುತ್ತಿರುವ ಶಕ್ತಿಯ ಅಳತೆಯೇ ಸುಮಾರು 0.027 ಎಲೆಕ್ಟ್ರಾನ್ ವೋಲ್ಟು; ಎಂದರೆ ಮೊಬೈಲಿನ ಶಕ್ತಿಕಣದ ಮೂರು ಸಾವಿರ ಪಟ್ಟಿಗೂ ಹೆಚ್ಚು. ಕ್ಷಕಿರಣದಂತೆ ನೇರವಾಗಿ ಬಂಧಗಳನ್ನು ಒಡೆಯುವ ಸಾಮರ್ಥ್ಯ ಈ ಅಲೆಗಳಿಗೆ ಇಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾಗೆಂದು ಅವು ಶರೀರದ ಮೇಲೆ ಏನನ್ನೂ ಮಾಡುವುದಿಲ್ಲವೆಂದಲ್ಲ. ಅಂಗಾಂಶದಲ್ಲಿರುವ ನೀರಿನ ಅಣುಗಳೂ ಲವಣದ ಅಯಾನುಗಳೂ ಅಲೆಯ ವಿದ್ಯುತ್ ಕ್ಷೇತ್ರಕ್ಕೆ ಅನುಗುಣವಾಗಿ ಓಲಾಡುತ್ತವೆ. ಆ ಓಲಾಟ ಘರ್ಷಣೆಯಿಂದ ಶಾಖವಾಗಿ ಪರಿಣಮಿಸುತ್ತದೆ. ಒಂದು ಕಿಲೋಗ್ರಾಂ ಅಂಗಾಂಶವು ಪ್ರತಿ ಸೆಕೆಂಡಿಗೆ ಹೀರಿಕೊಳ್ಳುವ ಶಕ್ತಿಯನ್ನು ನಿರ್ದಿಷ್ಟ ಹೀರಿಕೆಯ ದರವೆಂದು ಕರೆಯುತ್ತಾರೆ. ಮೊಬೈಲಿನ ವಿವರಪತ್ರಗಳಲ್ಲಿ ಎಸ್.ಎ.ಆರ್. ಎಂದು ನಮೂದಾಗಿರುವುದು ಇದೇ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ನಿಯಮದಂತೆ, ಯಾವುದೇ ಒಂದು ಗ್ರಾಂ ಅಂಗಾಂಶದಲ್ಲಿ ಇದರ ಸರಾಸರಿ ಕಿಲೋಗ್ರಾಮಿಗೆ 1.6 ವ್ಯಾಟನ್ನು ಮೀರಕೂಡದು. ಈ ಅಳತೆಯನ್ನು ಉಪಕರಣವನ್ನು ಶರೀರದಿಂದ ಕೆಲವು ಮಿಲಿಮೀಟರ್ ದೂರದಲ್ಲಿರಿಸಿ ತೆಗೆದುಕೊಳ್ಳುವುದುಂಟು. ಬಿಗಿಯಾದ ಜೇಬಿನಲ್ಲಿ ಅಷ್ಟು ಅಂತರವೂ ಉಳಿಯಲಾರದೆಂಬುದನ್ನು ಮರೆಯಬಾರದು.

ವೃಷಣವೂ ಉಷ್ಣತೆಯೂ

ಈ ಅಲೆಗಳು ಶಾಖವನ್ನು ಹುಟ್ಟಿಸುವುದಾದರೆ ಎಲ್ಲ ಅಂಗಗಳಿಗಿಂತ ವೃಷಣಗಳನ್ನು ಕುರಿತೇ ಏಕೆ ಚಿಂತಿಸಬೇಕು? ಕಾರಣ ಅವುಗಳ ರಚನೆಯಲ್ಲಿದೆ. ಮನುಷ್ಯನಲ್ಲಿ ವೀರ್ಯಾಣುಗಳ ಉತ್ಪತ್ತಿ ಸರಿಯಾಗಿ ನಡೆಯಬೇಕಾದರೆ ವೃಷಣಗಳು ಶರೀರದ ಒಳಭಾಗಕ್ಕಿಂತ 2ರಿಂದ 4 ಡಿಗ್ರಿ ಸೆಂಟಿಗ್ರೇಡಿನಷ್ಟು ತಂಪಾಗಿರಬೇಕು. ಅವು ಹೊಟ್ಟೆಯ ಹೊರಗೆ ಚೀಲದಲ್ಲಿ ತೂಗಿರುವುದರ ಪ್ರಯೋಜನ ಇದೇ. ಒಳಕ್ಕೆ ಹರಿಯುವ ಬಿಸಿರಕ್ತದ ಅಪಧಮನಿಯನ್ನು ತಂಪಾದ ರಕ್ತವನ್ನು ಹೊತ್ತು ಹಿಂದಿರುಗುವ ಅಭಿಧಮನಿಗಳ ಜಾಲವು ಸುತ್ತುವರಿದು ಅದರ ಶಾಖವನ್ನು ಹೀರಿಕೊಳ್ಳುತ್ತದೆ. ಚಳಿಯಾದಾಗ ಚೀಲದ ಸ್ನಾಯುಗಳು ಸಂಕೋಚಗೊಂಡು ವೃಷಣಗಳನ್ನು ಮೇಲಕ್ಕೆಳೆಯುತ್ತವೆ, ಸೆಕೆಯಾದಾಗ ಸಡಿಲಗೊಳ್ಳುತ್ತವೆ. ಹುಟ್ಟಿನಿಂದಲೂ ಹೊಟ್ಟೆಯಲ್ಲಿಯೇ ಉಳಿದುಹೋದ ವೃಷಣಗಳಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಂಠಿತವಾಗುವುದು ಬಹುಕಾಲದಿಂದ ತಿಳಿದಿರುವ ಸಂಗತಿ.

ಈಗ ಒಂದು ಸರಳವಾದ ಲೆಕ್ಕವನ್ನು ಮಾಡಬಹುದು. ಕಿಲೋಗ್ರಾಮಿಗೆ 1.6 ವ್ಯಾಟಿನಂತೆ ಒಂದು ಗಂಟೆ ಶಕ್ತಿಯನ್ನು ಹೀರಿದ ಅಂಗಾಂಶಕ್ಕೆ ಕಿಲೋಗ್ರಾಮಿಗೆ 5,760 ಜೌಲುಗಳು ಸೇರುತ್ತವೆ. ಅಂಗಾಂಶವನ್ನು ಒಂದು ಡಿಗ್ರಿ ಬಿಸಿಮಾಡಲು ಕಿಲೋಗ್ರಾಮಿಗೆ ಸುಮಾರು 3,500 ಜೌಲುಗಳು ಬೇಕು. ರಕ್ತವು ಕಿಂಚಿತ್ತೂ ಹರಿಯದೆ, ಶಾಖವು ಎಲ್ಲಿಯೂ ಹೊರಹೋಗದೆ ಇದ್ದರೆ ಉಷ್ಣತೆಯು ಗಂಟೆಗೆ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಏರಬಹುದೆಂದಾಯಿತು. ಜೀವಂತ ಶರೀರದಲ್ಲಿ ರಕ್ತವು ಶಾಖವನ್ನು ಸತತವಾಗಿ ಒಯ್ಯುತ್ತಿರುವುದರಿಂದಲೂ ಉಪಕರಣವು ಗಂಟೆಗಟ್ಟಲೆ ಪೂರ್ಣಶಕ್ತಿಯಿಂದ ಪ್ರಸಾರ ಮಾಡದಿರುವುದರಿಂದಲೂ ನಿಜವಾದ ಏರಿಕೆ ಇದಕ್ಕಿಂತ ಬಹಳ ಕಡಮೆ.

ಇದರೊಡನೆ ಮತ್ತೊಂದು ಅಳತೆಯನ್ನು ಹೋಲಿಸಿ ನೋಡುವುದು ಉಚಿತ. 2005ರಲ್ಲಿ ಅಮೆರಿಕದ ಷೇನ್‌ಕಿನ್ ಮತ್ತು ಸಂಗಡಿಗರು 29 ಮಂದಿ ಯುವಕರನ್ನು ಒಂದು ಗಂಟೆ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳ್ಳಿರಿಸಿ ವೃಷಣಚೀಲದ ಉಷ್ಣತೆಯನ್ನು ಅಳೆದರು. ಅದು 2.6ರಿಂದ 2.8 ಡಿಗ್ರಿಯಷ್ಟು ಏರಿತ್ತು. ಕುತೂಹಲದ ಅಂಶವೆಂದರೆ, ಲ್ಯಾಪ್‌ಟಾಪ್ ಇಲ್ಲದೆ ಕೇವಲ ತೊಡೆಗಳನ್ನು ಜೋಡಿಸಿ ಕುಳಿತಾಗಲೂ 2.1 ಡಿಗ್ರಿ ಏರಿತ್ತು. ರೇಡಿಯೊ ಅಲೆಯಿಂದ ಉಂಟಾಗುವ ಶಾಖವೊಂದನ್ನೇ ಗಣಿಸುವುದಾದರೆ, ದೀರ್ಘಕಾಲ ಕುಳಿತಿರುವ ಅಭ್ಯಾಸವೇ ಅದಕ್ಕಿಂತ ಗಮನಾರ್ಹವೆಂದು ಹೇಳಬೇಕಾಗುತ್ತದೆ. ಆದುದರಿಂದ ಮೊಬೈಲಿನ ಮೇಲಣ ಆರೋಪವು ನಿಲ್ಲಬೇಕಾದರೆ ಶಾಖವಲ್ಲದ ಬೇರೊಂದು ಮಾರ್ಗದಿಂದ ಅದು ಹಾನಿಮಾಡುತ್ತದೆಂದು ತೋರಿಸಬೇಕು.

ಪ್ರಯೋಗಶಾಲೆಯ ಸಾಕ್ಷ್ಯ

ಅಂಥ ಮಾರ್ಗವೊಂದನ್ನು ಆಸ್ಟ್ರೇಲಿಯದ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಡಿ ಯೂಲಿಸ್, ಏಟ್ಕನ್ ಮೊದಲಾದವರು 2009ರಲ್ಲಿ ಸೂಚಿಸಿದರು. ಅವರು ಮನುಷ್ಯರ ವೀರ್ಯಾಣುಗಳನ್ನು ಪ್ರತ್ಯೇಕಿಸಿ, ಶಾಖದ ಪ್ರಭಾವ ಬೆರೆಯದಿರಲೆಂದು 21 ಡಿಗ್ರಿ ಉಷ್ಣತೆಯಲ್ಲಿರಿಸಿ, 1,800 ಮೆಗಾಹರ್ಟ್ಸ್ ಅಲೆಗಳಿಗೆ 16 ಗಂಟೆಗಳ ಕಾಲ ಒಡ್ಡಿದರು. ಹೀರಿಕೆಯ ದರವನ್ನು 0.4ರಿಂದ 27.5 ವ್ಯಾಟಿನವರೆಗೆ ಏರಿಸುತ್ತ ಹೋದಂತೆ ವೀರ್ಯಾಣುಗಳ ಚಲನಶಕ್ತಿ ಕುಂದಿತು, ಜೀವಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯದಲ್ಲಿ ಆಮ್ಲಜನಕದ ಕ್ರಿಯಾಶೀಲ ರೂಪಗಳು ಹೆಚ್ಚಿದವು, ಡಿ.ಎನ್.ಎ. ತುಂಡಾದುದೂ ಕಂಡುಬಂದಿತು. ಅದೇ ವರ್ಷ ಅಮೆರಿಕದ ಕ್ಲೀವ್‌ಲೆಂಡಿನಲ್ಲಿ ಅಗರ್ವಾಲ್ ಮತ್ತು ಸಂಗಡಿಗರು 32 ಮಂದಿಯ ವೀರ್ಯದ ಮಾದರಿಗಳ ಬಳಿ, 2.5 ಸೆಂಟಿಮೀಟರ್ ದೂರದಲ್ಲಿ, ಒಂದು ಗಂಟೆ ಮಾತಿನ ಸ್ಥಿತಿಯಲ್ಲಿ ಮೊಬೈಲನ್ನು ಇರಿಸಿ ಚಲನಶಕ್ತಿಯೂ ಜೀವಂತಿಕೆಯೂ ಇಳಿಯುವುದನ್ನು ಕಂಡರು.

ವೀರ್ಯಾಣುವಿನ ರಚನೆಯನ್ನು ಬಲ್ಲವರಿಗೆ ಈ ಮಾರ್ಗ ಅಸಂಭವವೆಂದು ತೋರದು. ಅದರ ಪೊರೆಯಲ್ಲಿ ಸುಲಭವಾಗಿ ಉತ್ಕರ್ಷಣಗೊಳ್ಳುವ ಕೊಬ್ಬಿನ ಆಮ್ಲಗಳು ವಿಪುಲವಾಗಿವೆ. ಕೋಶದ್ರವ ಅತ್ಯಲ್ಪವಾದುದರಿಂದ ಉತ್ಕರ್ಷಣವನ್ನು ತಡೆಯುವ ಕಿಣ್ವಗಳ ಸಂಗ್ರಹವೂ ಅತ್ಯಲ್ಪ. ಆದರೆ ಪಾತ್ರೆಯಲ್ಲಿರುವ ವೀರ್ಯಾಣುವಿಗೆ ಮೇಲೆ ಚರ್ಮವಿಲ್ಲ, ಸುತ್ತ ರಕ್ತಪ್ರವಾಹವಿಲ್ಲ. ನ್ಯೂಕ್ಯಾಸಲಿನ ಪ್ರಯೋಗದಲ್ಲಂತೂ ಅದು ವೀರ್ಯದ ದ್ರವದಲ್ಲಿರುವ ರಕ್ಷಕ ವಸ್ತುಗಳಿಂದಲೂ ಬೇರ್ಪಟ್ಟಿತ್ತು. ಕಿಲೋಗ್ರಾಮಿಗೆ 27.5 ವ್ಯಾಟಿನ ದರ ನಮ್ಮ ದೇಶದ ಮಿತಿಯ 17 ಪಟ್ಟು. ಹೀಗಾಗಿ ಈ ಪ್ರಯೋಗಗಳು ಹಾನಿ ಹೇಗೆ ಸಂಭವಿಸಬಹುದೆಂಬುದಕ್ಕೆ ದಾರಿ ತೋರಿಸುತ್ತವೆಯೇ ಹೊರತು ನಿತ್ಯಜೀವನದಲ್ಲಿ ಅದು ಸಂಭವಿಸುತ್ತಿದೆಯೆಂದು ಸಿದ್ಧಪಡಿಸುವುದಿಲ್ಲ.

ಪ್ರಾಣಿಗಳ ಮೇಲಿನ ಪ್ರಯೋಗಗಳ ವಿಷಯವೂ ಹೀಗೆಯೇ. ನಮ್ಮ ದೇಶದಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಕೇಸರಿ, ಬಿಹಾರಿ ಮುಂತಾದವರು ವಿಸ್ಟಾರ್ ತಳಿಯ ಗಂಡು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ 35 ದಿನಗಳವರೆಗೆ ಮೊಬೈಲಿನ ಅಲೆಗಳಿಗೆ ಒಡ್ಡಿ, ಕ್ರಿಯಾಶೀಲ ಆಮ್ಲಜನಕದ ಹೆಚ್ಚಳವನ್ನು 2011ರಲ್ಲಿ ವರದಿಮಾಡಿದರು. ವಿಶ್ವ ಆರೋಗ್ಯ ಸಂಸ್ಥೆಯ ಕೋರಿಕೆಯಂತೆ ನಡೆದು 2024ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು, ಅಲೆಗಳಿಗೆ ಒಡ್ಡಿದ ಗಂಡುಪ್ರಾಣಿಗಳೊಡನೆ ಕೂಡಿದ ಹೆಣ್ಣುಗಳಲ್ಲಿ ಗರ್ಭಧಾರಣೆಯ ಪ್ರಮಾಣ ಇಳಿಯುವುದೆಂಬುದಕ್ಕೆ ಆಧಾರವಿದೆಯೆಂದು ಹೇಳಿತು. ಇದನ್ನು ಲಘುವಾಗಿ ಕಾಣುವಂತಿಲ್ಲ. ಆದರೆ ಇಲಿಯ ಶರೀರ ಅತಿ ಚಿಕ್ಕದು. 900 ಮೆಗಾಹರ್ಟ್ಸ್‌ನ ಅಲೆ ಮನುಷ್ಯನ ಮಾಂಸದಲ್ಲಿ ಕೆಲವೇ ಸೆಂಟಿಮೀಟರ್ ಇಳಿಯುವುದರೊಳಗೆ ಕ್ಷೀಣಿಸಿದರೆ, ಇಲಿಯ ದೇಹವನ್ನು ಬಹುಮಟ್ಟಿಗೆ ಇಡಿಯಾಗಿ ಆವರಿಸುತ್ತದೆ. ಮನುಷ್ಯರ ಪೂರ್ಣಶರೀರಕ್ಕೆ ಅಂತರರಾಷ್ಟ್ರೀಯ ಸಮಿತಿಯು ವಿಧಿಸಿರುವ ಮಿತಿ ಕಿಲೋಗ್ರಾಮಿಗೆ 0.08 ವ್ಯಾಟು, ಪ್ರಾಣಿಗಳ ಪ್ರಯೋಗಗಳಲ್ಲಿ ಬಳಸಿದ ಪ್ರಮಾಣ ಹಲವು ವೇಳೆ ಇದನ್ನು ಬಹಳವಾಗಿ ಮೀರಿರುತ್ತದೆ.

ಮನುಷ್ಯರಲ್ಲಿ ಕಂಡುದು

ಮನುಷ್ಯರನ್ನು ಕುರಿತ ಆರಂಭದ ಅಧ್ಯಯನಗಳಲ್ಲಿ ಹೆಚ್ಚಿನವು ಬಂಜೆತನದ ಚಿಕಿತ್ಸಾಲಯಗಳಿಂದ ಬಂದವು. ಹಂಗರಿಯ ಫೆಯೆಷ್ ಮತ್ತು ಸಂಗಡಿಗರು 2005ರಲ್ಲಿ 371 ಪುರುಷರನ್ನೂ, ಅಗರ್ವಾಲ್ ಮೊದಲಾದವರು 2008ರಲ್ಲಿ 361 ಪುರುಷರನ್ನೂ ಪರೀಕ್ಷಿಸಿ, ಮೊಬೈಲಿನ ಬಳಕೆ ಹೆಚ್ಚಿದಂತೆ ವೀರ್ಯದ ಗುಣ ಕುಂದುವುದನ್ನು ತೋರಿಸಿದರು. 2014ರಲ್ಲಿ ಇಂಗ್ಲೆಂಡಿನ ಎಕ್ಸಿಟರ್ ವಿಶ್ವವಿದ್ಯಾನಿಲಯದವರು ಇಂಥ ಹತ್ತು ಅಧ್ಯಯನಗಳ 1,492 ಮಾದರಿಗಳನ್ನು ಒಟ್ಟುಗೂಡಿಸಿ ಲೆಕ್ಕಹಾಕಿದಾಗ ಚಲನಶೀಲ ವೀರ್ಯಾಣುಗಳ ಪ್ರಮಾಣದಲ್ಲಿ ಶೇಕಡಾ 8ರಷ್ಟು ಇಳಿತ ಕಂಡುಬಂದಿತು. ವೃತ್ತಪತ್ರಿಕೆಗಳಲ್ಲಿ ದೊಡ್ಡ ಅಕ್ಷರಗಳಲ್ಲಿ ಮುದ್ರಿತವಾದದ್ದು ಈ ಅಂಕಿಯೇ.

ಈ ಅಧ್ಯಯನಗಳಲ್ಲಿ ಮೂರು ತೊಡಕುಗಳಿವೆ. ಮೊದಲನೆಯದಾಗಿ, ಚಿಕಿತ್ಸಾಲಯಕ್ಕೆ ಬಂದವರು ಆಗಲೇ ಸಮಸ್ಯೆಯುಳ್ಳವರು. ಅವರಿಂದ ಇಡೀ ಜನಸಮುದಾಯದ ಸ್ಥಿತಿಯನ್ನು ಊಹಿಸಲಾಗದು. ಎರಡನೆಯದಾಗಿ, ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಮೊಬೈಲಿನಲ್ಲಿ ಮಾತನಾಡುವವನ ಉದ್ಯೋಗ, ನಿದ್ರೆ, ಧೂಮಪಾನ, ಕುಳಿತಿರುವ ಅವಧಿ ಇವೆಲ್ಲ ಮೊಬೈಲನ್ನೇ ಬಳಸದವನಿಗಿಂತ ಬೇರೆಯಾಗಿರುವ ಸಂಭವವುಂಟು. ಆ ಭೇದಗಳ ಫಲವನ್ನು ಮೊಬೈಲಿನ ಲೆಕ್ಕಕ್ಕೆ ಬರೆದಂತಾಗಬಹುದು. ಮೂರನೆಯ ತೊಡಕು ಹೆಚ್ಚು ಸೂಕ್ಷ್ಮವಾದುದು. ಮಾತನಾಡುವಾಗ ಉಪಕರಣವು ಸಾಮಾನ್ಯವಾಗಿ ಕಿವಿಯ ಬಳಿ ಇರುತ್ತದೆ, ಜೇಬಿನಲ್ಲಲ್ಲ. ಜೇಬಿನಲ್ಲಿರುವಾಗ ಅದು ಗೋಪುರದೊಡನೆ ಆಗಾಗ ಸಂಪರ್ಕ ನಡೆಸುತ್ತದೆಯೇ ಹೊರತು ನಿರಂತರವಾಗಿ ಪೂರ್ಣಶಕ್ತಿಯಿಂದ ಪ್ರಸಾರ ಮಾಡುವುದಿಲ್ಲ. ಮಾತಿನ ಗಂಟೆಗಳನ್ನು ಎಣಿಸಿದರೆ ತಲೆಗೆ ಬಿದ್ದ ಅಲೆಯನ್ನು ಸ್ಥೂಲವಾಗಿ ಎಣಿಸಿದಂತಾಗುತ್ತದೆ, ವೃಷಣಕ್ಕೆ ಬಿದ್ದುದನ್ನಲ್ಲ.

ಈ ತೊಡಕುಗಳನ್ನು ಸ್ವಲ್ಪಮಟ್ಟಿಗೆ ನಿವಾರಿಸಿಕೊಂಡ ಅಧ್ಯಯನಗಳು ಅನಂತರ ಬಂದವು. 2017ರಲ್ಲಿ ಅಮೆರಿಕದ ಮೆಸಚೂಸೆಟ್ಸಿನಲ್ಲಿ 153 ಪುರುಷರ 350 ಮಾದರಿಗಳನ್ನು ಪರೀಕ್ಷಿಸಿದ ಲೂಯಿಸ್ ಮುಂತಾದವರಿಗೆ, ಬಳಕೆಯ ಅವಧಿಗಾಗಲಿ ಜೇಬಿನಲ್ಲಿ ಇಟ್ಟುಕೊಳ್ಳುವ ಅಭ್ಯಾಸಕ್ಕಾಗಲಿ ವೀರ್ಯದ ಗುಣದೊಡನೆ ಸಂಬಂಧ ಕಾಣಲಿಲ್ಲ. 2021ರಲ್ಲಿ ಹ್ಯಾಚ್ ಮತ್ತು ಸಂಗಡಿಗರು ಡೆನ್ಮಾರ್ಕ್ ಹಾಗೂ ಉತ್ತರ ಅಮೆರಿಕಗಳ ಸುಮಾರು ಮೂರು ಸಾವಿರ ದಂಪತಿಗಳನ್ನು ಮಗುವಿಗಾಗಿ ಪ್ರಯತ್ನಿಸುತ್ತಿದ್ದ ಕಾಲದಲ್ಲಿಯೇ ಅನುಸರಿಸಿ ನೋಡಿದರು. ಗರ್ಭಧಾರಣೆಗೆ ತಗಲುವ ಕಾಲವೇ ಇಲ್ಲಿ ಅಳತೆಗೋಲು. ದಂಪತಿಗಳಿಗೆ ಮುಖ್ಯವಾದುದೂ ಅದೇ ತಾನೆ. ಮುಂದಿನ ಜೇಬಿನಲ್ಲಿ ಮೊಬೈಲನ್ನು ಇಟ್ಟುಕೊಳ್ಳುವ ಪುರುಷರಲ್ಲಿ ಒಟ್ಟಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ತೆಳುಮೈಯವರ ಗುಂಪಿನಲ್ಲಿ ಮಾತ್ರ ಸ್ವಲ್ಪ ಇಳಿತ ತೋರಿತು.

ಎಲ್ಲಕ್ಕಿಂತ ವಿಚಾರಾರ್ಹವಾದುದು ಸ್ವಿಟ್ಜರ್ಲೆಂಡಿನ ಅಧ್ಯಯನ. ಅಲ್ಲಿ ಕಡ್ಡಾಯ ಸೈನ್ಯಸೇವೆಯ ಆಯ್ಕೆಗೆ ಬಂದ 18ರಿಂದ 22 ವರ್ಷದ 2,886 ತರುಣರನ್ನು 2005ರಿಂದ 2018ರವರೆಗೆ ಪರೀಕ್ಷಿಸಿ, ಫಲಿತಾಂಶವನ್ನು ರಾಹಬಾನ್ ಮತ್ತು ಸಂಗಡಿಗರು 2023ರಲ್ಲಿ ಪ್ರಕಟಿಸಿದರು. ಇವರು ಚಿಕಿತ್ಸೆಗೆಂದು ಬಂದವರಲ್ಲವಾದುದರಿಂದ ಮೊದಲ ತೊಡಕು ಇಲ್ಲಿ ಇಲ್ಲ. ವಾರಕ್ಕೊಮ್ಮೆಗಿಂತ ಹೆಚ್ಚು ಮೊಬೈಲನ್ನು ಬಳಸದವರಲ್ಲಿ ವೀರ್ಯಾಣುಗಳ ಸಾಂದ್ರತೆಯ ಮಧ್ಯಾಂಕ ಮಿಲಿಲೀಟರಿಗೆ 565 ಲಕ್ಷ. ದಿನಕ್ಕೆ 20 ಬಾರಿಗಿಂತ ಹೆಚ್ಚು ಬಳಸುವವರಲ್ಲಿ 445 ಲಕ್ಷ. ಚಲನಶಕ್ತಿಯಲ್ಲಾಗಲಿ ಆಕಾರದಲ್ಲಾಗಲಿ ಭೇದವಿರಲಿಲ್ಲ. ಜೇಬಿನಲ್ಲಿ ಇಟ್ಟುಕೊಳ್ಳುವುದಕ್ಕೂ ಸಂಬಂಧ ಕಾಣಲಿಲ್ಲ. ಈ ಇಳಿತವು 2005ರಿಂದ 2007ರ ಅವಧಿಯಲ್ಲಿ ಹೆಚ್ಚಾಗಿದ್ದು ಮುಂದಿನ ಅವಧಿಗಳಲ್ಲಿ ಕ್ರಮೇಣ ಕ್ಷೀಣಿಸಿತು.

ಈ ಕ್ಷೀಣತೆಗೆ ಸಂಶೋಧಕರು ಸೂಚಿಸುವ ಕಾರಣ ತಂತ್ರಜ್ಞಾನದ ಬದಲಾವಣೆ. ಹಳೆಯ ಎರಡನೆಯ ತಲೆಮಾರಿನ ಉಪಕರಣಗಳು ಸ್ಪಂದನದ ಕ್ಷಣದಲ್ಲಿ 2 ವ್ಯಾಟಿನವರೆಗೆ ಪ್ರಸಾರ ಮಾಡುತ್ತಿದ್ದವು. ಮೂರನೆಯ, ನಾಲ್ಕನೆಯ ತಲೆಮಾರಿನವು ಅದರ ಅಲ್ಪಾಂಶದಲ್ಲಿಯೇ ಕೆಲಸವನ್ನು ಪೂರೈಸುತ್ತವೆ. ವಿವರಣೆ ಯುಕ್ತವಾಗಿಯೇ ಇದೆ. ಆದರೆ ಕಾರಣವು ಅಲೆಯೇ ಆಗಿದ್ದರೆ ಅದನ್ನು ವೃಷಣದ ಸಮೀಪದಲ್ಲಿ ಹೊತ್ತವರಲ್ಲಿ ಪರಿಣಾಮ ಹೆಚ್ಚಾಗಿ ಕಾಣಬೇಕಿತ್ತು, ಅದು ಕಾಣಲಿಲ್ಲ. 2005ರ ಸುಮಾರಿಗೆ ದಿನಕ್ಕೆ ಇಪ್ಪತ್ತು ಬಾರಿ ಮೊಬೈಲನ್ನು ಬಳಸುತ್ತಿದ್ದ ತರುಣನ ಜೀವನಕ್ರಮವೇ ಇತರರಿಗಿಂತ ಬೇರೆಯಾಗಿದ್ದಿರಬಹುದೆಂಬ ವಿವರಣೆಯೂ ಇದರೊಡನೆ ನಿಲ್ಲುತ್ತದೆ.

ಅಂಕಿಗಳ ಅರ್ಥವನ್ನೂ ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯಲ್ಲಿ ಸಾಂದ್ರತೆಯ ಕೆಳಗಡಿ ಮಿಲಿಲೀಟರಿಗೆ 160 ಲಕ್ಷ. ಸಾಂದ್ರತೆಯು 400 ಲಕ್ಷವನ್ನು ಮುಟ್ಟುವವರೆಗೆ ಗರ್ಭಧಾರಣೆಯ ಸಂಭವ ಏರುತ್ತ ಹೋಗಿ, ಆಮೇಲೆ ಹೆಚ್ಚುವುದಿಲ್ಲವೆಂದು ಡೆನ್ಮಾರ್ಕಿನ ಬಾಂಡೆ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದ್ದರು. 565 ಲಕ್ಷ, 445 ಲಕ್ಷ ಎರಡೂ ಈ ಮಟ್ಟದ ಮೇಲೆಯೇ ಇವೆ. ಮಧ್ಯಾಂಕದಲ್ಲಿರುವವನಿಗೆ ಈ ಇಳಿತದಿಂದ ಬಾಧಕವಿಲ್ಲ. ಮೊದಲೇ ಅಂಚಿನಲ್ಲಿರುವವನಿಗೆ ಅಷ್ಟೇ ಇಳಿತವೂ ಭಾರವಾಗಬಹುದು.

ಸಾಕ್ಷ್ಯದ ತೂಕ

ಯಾವುದಾದರೊಂದು ಸಂಬಂಧವನ್ನು ಕಾರಣವೆಂದು ಒಪ್ಪುವ ಮೊದಲು ಪರಿಶೀಲಿಸಬೇಕಾದ ಒಂಬತ್ತು ಅಂಶಗಳನ್ನು ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1965ರಲ್ಲಿ ನಿರೂಪಿಸಿದನು. ಅವುಗಳಲ್ಲಿ ಕೆಲವನ್ನು ಇಲ್ಲಿ ಅನ್ವಯಿಸಬಹುದು. ಸಂಬಂಧ ಪ್ರಬಲವೆ? ಅಲ್ಲ, ದುರ್ಬಲ. ಎಲ್ಲ ಅಧ್ಯಯನಗಳೂ ಒಂದೇ ಫಲವನ್ನು ಕೊಟ್ಟಿವೆಯೆ? ಇಲ್ಲ, ಕೆಲವರಿಗೆ ಕಂಡದ್ದು ಚಲನಶಕ್ತಿಯ ಇಳಿತ, ಸ್ವಿಸ್ ಅಧ್ಯಯನದಲ್ಲಿ ಸಾಂದ್ರತೆಯ ಇಳಿತ, ಇನ್ನು ಕೆಲವರಿಗೆ ಯಾವುದೂ ಇಲ್ಲ. ಪ್ರಮಾಣ ಹೆಚ್ಚಿದಂತೆ ಫಲವೂ ಹೆಚ್ಚುತ್ತದೆಯೆ? ಪಾತ್ರೆಯಲ್ಲಿ ಹೌದು, ಮನುಷ್ಯರಲ್ಲಿ ಸರಿಯಾದ ಪ್ರಮಾಣವನ್ನೇ ಅಳೆದಿಲ್ಲ. ಕಾರ್ಯಮಾರ್ಗ ಊಹಿಸಲು ಸಾಧ್ಯವೆ? ಸಾಧ್ಯವಿದೆ.

ಕಾಲದ ಸಾಕ್ಷ್ಯವನ್ನೂ ಗಮನಿಸಬೇಕು. ಪುರುಷರಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯುತ್ತಿದೆಯೆಂಬ ಕಳವಳವನ್ನು ಹುಟ್ಟಿಸಿದ ಪ್ರಬಂಧಗಳಲ್ಲಿ ಪ್ರಸಿದ್ಧವಾದುದು ಡೆನ್ಮಾರ್ಕಿನ ಕಾರ್ಲ್‌ಸೆನ್ ಮೊದಲಾದವರು 1992ರಲ್ಲಿ ಪ್ರಕಟಿಸಿದ್ದು. ಅದು 1938ರಿಂದ 1990ರವರೆಗಿನ ಅಧ್ಯಯನಗಳ ಸಮೀಕ್ಷೆ. ಆಗ ಮೊಬೈಲು ಜನಸಾಮಾನ್ಯರ ಕೈಗೆ ಬಂದಿರಲಿಲ್ಲ. ನಮ್ಮ ದೇಶದಲ್ಲಂತೂ ಈ ಸೇವೆ ಆರಂಭವಾದುದು 1995ರಲ್ಲಿ. ಇಳಿತವು ನಿಜವೇ ಆಗಿದ್ದರೆ ಅದರ ಮೂಲಕಾರಣವನ್ನು ಬೇರೆಡೆ ಹುಡುಕಬೇಕು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಅಲೆಗಳನ್ನು "ಕ್ಯಾನ್ಸರಿಗೆ ಪ್ರಾಯಶಃ ಕಾರಣವಾಗಬಹುದಾದವು" ಎಂಬ ವರ್ಗಕ್ಕೆ ಸೇರಿಸಿದುದನ್ನು ಈ ಚರ್ಚೆಯಲ್ಲಿ ಹಲವರು ಉದಾಹರಿಸುತ್ತಾರೆ. ಆ ನಿರ್ಣಯ ಮುಖ್ಯವಾಗಿ ಮಿದುಳಿನ ಮತ್ತು ಶ್ರವಣನರದ ಗಡ್ಡೆಗಳನ್ನು ಕುರಿತದ್ದು. ಸಂತಾನಶಕ್ತಿಗೆ ಅದನ್ನು ಎಳೆದು ತರುವುದು ಸರಿಯಲ್ಲ. ಮನುಷ್ಯರನ್ನು ಕುರಿತು ಅದೇ ಸಂಸ್ಥೆಯ ಕೋರಿಕೆಯಂತೆ ನಡೆದ 2024ರ ಸಮೀಕ್ಷೆಯು ದೊರೆತಿರುವ ಸಾಕ್ಷ್ಯದ ನಿಶ್ಚಿತತೆ ಅತ್ಯಲ್ಪವೆಂದು ತೀರ್ಮಾನಿಸಿತು.

ಇವೆಲ್ಲವನ್ನೂ ತೂಗಿ ನೋಡಿದಾಗ ನಾವು ಹೇಳಬಹುದಾದುದು ಇಷ್ಟು: ಮೊಬೈಲಿನ ಅಲೆಗಳು ವೀರ್ಯಾಣುಗಳನ್ನು ಬಾಧಿಸುವುದು ಅಸಾಧ್ಯವಲ್ಲ, ನಿತ್ಯದ ಬಳಕೆಯಲ್ಲಿ ಅವು ಪುರುಷನನ್ನು ಸಂತಾನಹೀನನನ್ನಾಗಿ ಮಾಡುತ್ತವೆಂಬುದು ಸಿದ್ಧವಾಗಿಲ್ಲ, ಪರಿಣಾಮವಿದ್ದರೂ ಅದು ಸಣ್ಣದು.

ನಡೆಯಬೇಕಾದ ರೀತಿ

ಹೀಗಿರುವಾಗ ಖರ್ಚಿಲ್ಲದ ಎಚ್ಚರಿಕೆಯನ್ನು ವಹಿಸುವುದರಲ್ಲಿ ತಪ್ಪೇನೂ ಇಲ್ಲ. ದೂರ ಹೆಚ್ಚಿದಂತೆ ಅಲೆಯ ತೀವ್ರತೆ ಬಹುಬೇಗ ಇಳಿಯುವುದರಿಂದ ಮೊಬೈಲನ್ನು ಚೀಲದಲ್ಲೋ ಮೇಜಿನ ಮೇಲೋ ಇಡಬಹುದು. ಸಂಕೇತ ದುರ್ಬಲವಾದ ಕಡೆ ಉಪಕರಣವು ತನ್ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುವುದರಿಂದ ಅಲ್ಲಿ ದೀರ್ಘ ಸಂಭಾಷಣೆಯನ್ನು ತಪ್ಪಿಸಬಹುದು. ಕಿವಿಗೆ ತಂತಿ ಸಿಕ್ಕಿಸಿಕೊಂಡು ಮೊಬೈಲನ್ನು ಜೇಬಿನಲ್ಲಿ ಇರಿಸಿ ಗಂಟೆಗಟ್ಟಲೆ ಮಾತನಾಡುವುದನ್ನು ಕಡಮೆ ಮಾಡಬಹುದು. *#07# ಎಂದು ಒತ್ತಿದರೆ ಉಪಕರಣದ ಹೀರಿಕೆಯ ದರ ತೆರೆಯ ಮೇಲೆ ಕಾಣುತ್ತದೆ. ಆದರೆ ವಿಕಿರಣವನ್ನು ತಡೆಯುವುದೆಂದು ಹೇಳಿ ಮಾರುವ ಚೀಟಿಗಳಿಗೂ ಕವಚಗಳಿಗೂ ಹಣ ಸುರಿಯಬೇಕಾಗಿಲ್ಲ. ಅವು ನಿಜವಾಗಿಯೂ ಅಲೆಯನ್ನು ತಡೆದರೆ, ಗೋಪುರವನ್ನು ಮುಟ್ಟಲೆಂದು ಉಪಕರಣವು ಇನ್ನಷ್ಟು ಬಲದಿಂದ ಪ್ರಸಾರ ಮಾಡುತ್ತದೆ.

ಇದಕ್ಕಿಂತ ಮುಖ್ಯವಾದುದು, ಸಂದೇಹವಿಲ್ಲದೆ ಗೊತ್ತಾಗಿರುವ ಕಾರಣಗಳತ್ತ ದೃಷ್ಟಿ ಹರಿಸುವುದು. ಬೀಡಿ ಸಿಗರೇಟು, ಅತಿಯಾದ ಮದ್ಯಪಾನ, ಬೊಜ್ಜು, ಒಲೆ ಕುಲುಮೆಗಳ ಬಳಿಯ ದೀರ್ಘಕಾಲದ ದುಡಿಮೆ, ಪ್ರಾಯ ಬಂದ ಮೇಲೆ ಮಂಗನಬಾವು ಬಂದು ವೃಷಣಕ್ಕೆ ಇಳಿದದ್ದು, ವೃಷಣದ ಸುತ್ತಲಿನ ಅಭಿಧಮನಿಗಳು ಉಬ್ಬಿಕೊಂಡಿರುವುದು, ಮೈಕಟ್ಟಿಗಾಗಿ ಕೆಲವು ತರುಣರು ವ್ಯಾಯಾಮಶಾಲೆಗಳಲ್ಲಿ ತೆಗೆದುಕೊಳ್ಳುವ ಟೆಸ್ಟೊಸ್ಟಿರೋನ್ ಜಾತಿಯ ಔಷಧಗಳು, ಇವೆಲ್ಲ ವೀರ್ಯಾಣುಗಳ ಉತ್ಪತ್ತಿಯನ್ನು ಕುಗ್ಗಿಸಬಲ್ಲವು. ಇವುಗಳಲ್ಲಿ ಹಲವು ತಿದ್ದಿಕೊಳ್ಳಬಹುದಾದವು. ಮೂಲಕೋಶದಿಂದ ಆರಂಭವಾಗಿ ಒಂದು ವೀರ್ಯಾಣು ವೃಷಣದಲ್ಲಿ ರೂಪುಗೊಳ್ಳಲು ಸುಮಾರು 74 ದಿನಗಳು ಬೇಕು. ಅಧಿವೃಷಣದಲ್ಲಿ ಪಕ್ವವಾಗಲು ಮತ್ತೆ ಕೆಲವು ದಿನಗಳು. ಆದುದರಿಂದ ಇಂದು ಬಿಟ್ಟ ಕೆಟ್ಟ ಅಭ್ಯಾಸದ ಫಲವು ಸುಮಾರು ಮೂರು ತಿಂಗಳ ತರುವಾಯವೇ ಪರೀಕ್ಷೆಯಲ್ಲಿ ಕಾಣುವುದು.

ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಾವು ಕೊಡುವ ಉತ್ತರವೂ ಇದೇ. ಮೊಬೈಲನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಡು, ಅದರಿಂದ ನಷ್ಟವಿಲ್ಲ; ಆದರೆ ಆ ಜೇಬಿನಲ್ಲಿ ಸಿಗರೇಟಿನ ಪೊಟ್ಟಣವೂ ಇದ್ದರೆ ಮೊದಲು ಅದನ್ನು ತೆಗೆ. ಮುಂದೆ ಮದುವೆಯಾಗಿ ಒಂದು ವರ್ಷ ಕಳೆದರೂ ಮಕ್ಕಳ ಸೂಚನೆ ಕಾಣದಿದ್ದರೆ ಹೆಂಡತಿಯೊಡನೆ ನೀನೂ ವೈದ್ಯರಲ್ಲಿಗೆ ಹೋಗು. ವೀರ್ಯದ ಪರೀಕ್ಷೆ ನೋವಿಲ್ಲದ್ದು, ಸುಲಭವಾದದ್ದು. ಅದನ್ನು ಮುಂದೂಡಿದರೆ ಆಗುವ ನಷ್ಟಕ್ಕೆ ಹೋಲಿಸಿದರೆ ಮೊಬೈಲಿನಿಂದ ಆಗಬಹುದಾದುದು ಅತ್ಯಲ್ಪ.